ಮುಗಿಲಪ್ಪನ ಕಿವಿಯ ಹತ್ತಿ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದಿ ನಕ್ಕಿದ್ದೇನೆ. ಪೆನ್ಸಿಲ್ ಹಿಡಿದು ಪುಟದ ಅಂಚಿನಲ್ಲಿ ಪ್ರಶ್ನೆಗಳನ್ನೂ ಹಾಕಿದ್ದೇನೆ. ಇದನ್ನು ಕಂಡವರು ಇನ್ಯಾರು? ನಡೆದು ಎಷ್ಟು ವರ್ಷದ ಮೇಲೆ ಬರೆದದ್ದು? ನಡುವೆ ಹೇಳಿ ಹೇಳಿ ಎಷ್ಟು ನುಣುಪಾಗಿದೆ? ಈಗ ಅವೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಕೇಳಲೇಬೇಕು. ಉತ್ತರಗಳು ನನ್ನ ಬಳಿ ಹೆಚ್ಚಿಲ್ಲ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ರಾತ್ರಿಯಲ್ಲ, ಮಸಣದಲ್ಲೂ ಅಲ್ಲ. ಹಾಡುಹಗಲಲ್ಲಿ, ಸಿರ್ಗಾಪುರದ ಹತ್ತಿರ ಒಂದು ಜೋಳದ ಹೊಲದಲ್ಲಿ, ನೆಂಟರೆಲ್ಲ ಕೂತು ಊಟ ಮಾಡುತ್ತಿದ್ದಾಗ ನಡೆಯಿತು.

ನಾನು ಜಹೀರಾಬಾದಿನವನು. ಕಾಲೇಜಿನಲ್ಲಿ ಪಾಠ ಹೇಳುವುದು ಕೆಲಸ. ರಜೆ ಸಿಕ್ಕಾಗಲೆಲ್ಲ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮತ್ತು ಸುತ್ತಲ ಹಳ್ಳಿಗಳ ಚರಿತ್ರೆಯನ್ನು ಕೂಡಿಸುತ್ತ ಬಂದಿದ್ದೇನೆ. ಯಾವ ಓಣಿ ಯಾವಾಗ ಹುಟ್ಟಿತು, ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು, ಯಾವ ಮನೆತನ ಎಲ್ಲಿಂದ ಬಂತು, ಇಂಥವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಆಡುವ, ‘ಕೂಡ’ ಎನ್ನಲು ಉರ್ದುವಿನ ‘ಬಿ’ ಹಚ್ಚುವ ನಮ್ಮಂಥವರ ಬಗ್ಗೆ ಯಾರೂ ಪುಸ್ತಕ ಬರೆದಿಲ್ಲ ಎಂಬ ಸಿಟ್ಟಿನಿಂದ ಶುರುವಾದದ್ದು. ಆಮೇಲೆ ಸಿಟ್ಟು ಹೋಯಿತು, ಚಟ ಉಳಿಯಿತು.

ನನ್ನ ನಿಯಮ ಒಂದೇ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಹೇಳಬೇಕು, ಇಲ್ಲವೇ ಒಂದು ಕಲ್ಲೋ ಗೋಡೆಯೋ ಕಣ್ಣಿಗೆ ಕಾಣಬೇಕು. ಆಗಲೇ ಬರೆಯುವುದು. ಯಾಕೆಂದರೆ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನಮ್ಮ ಊರಿನ ಹಳೇ ಸಂತೆಯ ಬಾವಿ ಎಲ್ಲಿತ್ತೆಂದು ಒಮ್ಮೆ ಮೂವರು ಹಿರಿಯರನ್ನು ಕೇಳಿದೆ. ಮೂವರೂ ಅದರಲ್ಲಿ ಈಜಿದವರು. ಮೂವರೂ ಕೈ ಹಿಡಿದು ಕರೆದುಕೊಂಡು ಹೋಗಿ, ಮೂರು ಬೇರೆ ಬೇರೆ ಜಾಗ ತೋರಿಸಿದರು. ಕೊನೆಗೆ ಚರಂಡಿ ಅಗೆಯುವಾಗ ಬಾವಿಯ ಕಟ್ಟೆ ನಾಲ್ಕನೆಯ ಜಾಗದಲ್ಲಿ ಸಿಕ್ಕಿತು. ಹಿರಿಯರು ಆ ಬಾವಿಯನ್ನೇ ಒಪ್ಪಲಿಲ್ಲ. ಅದು ಬೇರೆ ಬಾವಿ ಎಂದರು.

ವಂಶಾವಳಿ ಬರೆಯುವುದು ಇದಕ್ಕಿಂತ ಕಷ್ಟ. ನಮ್ಮ ಕಡೆಯ ಶಿವಭಕ್ತ ಮನೆತನಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಹೀಗಾಗಿ ತಲೆಮಾರು ಕಳೆದಂತೆ ಎರಡೇ ಹೆಸರು ತಿರುಗುತ್ತವೆ. ಕಾಶಪ್ಪನ ಮಗ ವೀರಶೆಟ್ಟಿ, ಅವನ ಮಗ ಕಾಶಪ್ಪ, ಅವನ ಮಗ ಮತ್ತೆ ವೀರಶೆಟ್ಟಿ. ಹೇಳುವವರ ಬಾಯಲ್ಲಿ ಇಬ್ಬರು ಕಾಶಪ್ಪಂದಿರು ಕೂಡಿ ಒಬ್ಬನೇ ಆಗಿಬಿಡುತ್ತಾನೆ. ಆ ಒಬ್ಬನೇ ಎರಡು ಸಲ ಬಾವಿ ತೋಡಿಸುತ್ತಾನೆ, ತನ್ನ ಸೊಸೆಯನ್ನೇ ಮದುವೆಯಾಗುತ್ತಾನೆ, ಎರಡು ಬರ ಕಾಣುತ್ತಾನೆ, ಎರಡು ಕಡೆ ಮಣ್ಣಾಗುತ್ತಾನೆ. ಇವರನ್ನು ಬಿಡಿಸಿ ಬಿಡಿಸಿ ಇಡುವುದರಲ್ಲೇ ನನ್ನ ಎಷ್ಟೋ ಬೇಸಿಗೆಗಳು ಕಳೆದಿವೆ. ನಾರಾಯಣಖೇಡದಿಂದ ಹಂಚಿಕೆಯ ಆಟೋದಲ್ಲಿ ಮಂದಿಯ ನಡುವೆ ಸಿಕ್ಕಿಕೊಂಡು ಮನೂರಿಗೋ ಸಿರ್ಗಾಪುರಕ್ಕೋ ಹೋಗಿ, ಹೊಲದ ಮೂಲೆಯ ಗದ್ದುಗೆಗಳನ್ನು ನೋಡಿ ಬರುವುದು. ನಮ್ಮವರು ಸತ್ತವರನ್ನು ಹೊಲದಲ್ಲೇ ಕೂರಿಸಿ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟುತ್ತಾರಲ್ಲ, ಅವೇ ನನ್ನ ಗಟ್ಟಿ ಸಾಕ್ಷಿ.

ಇಷ್ಟು ಕಷ್ಟಪಟ್ಟು ಬರೆದದ್ದನ್ನು ಕದಿಯುವವರು ಇರುತ್ತಾರೆ. ಈಗ ಲಗ್ನಕ್ಕೆ, ಮನೆ ಒಕ್ಕಲಿಗೆ ಮನೆತನದ ಪುಸ್ತಿಕೆ ಮಾಡಿಸಿ ಹಂಚುವುದು ನಮ್ಮ ಕಡೆ ರೂಢಿಯಾಗಿದೆ. ನನ್ನ ವಂಶಾವಳಿಗಳನ್ನು ಅಕ್ಷರ ಬಿಡದೆ ಎತ್ತಿ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡದ್ದನ್ನು ಕಂಡಿದ್ದೆ. ಆದ್ದರಿಂದ ಒಂದು ಬಲೆ ಹೂಡಿದೆ. ಅಕ್ಕನ ಗಂಡನ ಮನೆತನದ ವಂಶಾವಳಿಯಲ್ಲಿ, ಬಹಳ ಮೇಲಿನ ತಲೆಮಾರಿನಲ್ಲಿ, ಹುಟ್ಟದೇ ಇದ್ದ ಒಬ್ಬನನ್ನು ಸೇರಿಸಿದೆ. ಆ ಹೆಸರು ಬೇರೆಯವರ ಪುಸ್ತಿಕೆಯಲ್ಲಿ ಕಂಡರೆ ಕಳ್ಳ ಸಿಕ್ಕಂತೆ. ಯಾರಿಗೂ ತೊಂದರೆಯಾಗಬಾರದೆಂದು ಅವನಿಗೆ ಹೊಲ ಕೊಡಲಿಲ್ಲ, ಹೆಂಡತಿ ಕೊಡಲಿಲ್ಲ. ಒಬ್ಬ ವೀರಶೆಟ್ಟಿಯ ತಮ್ಮ, ಲಗ್ನವಾಗಲಿಲ್ಲ, ಸಂತಾನವಿಲ್ಲ. ಅಷ್ಟೇ ಬರೆದೆ. ಇದನ್ನು ಮನೆಯಲ್ಲೂ ಯಾರಿಗೂ ಹೇಳಲಿಲ್ಲ.

ಅವನು ಹುಟ್ಟಿದ ಜಾಗ ತಾಂಡೂರು ಸ್ಟೇಷನ್ನು. ಕಲ್ಲಿನ ಗಣಿಗಳನ್ನು ನೋಡಲು ಹೋದವನು ವಿಕಾರಾಬಾದಿನ ಕಡೆಯ ಗಾಡಿಗೆ ಕಾಯುತ್ತ ಕೂತಿದ್ದೆ. ಕಿವಿ ನೋಯುತ್ತಿತ್ತು. ಎಡಗಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಎದುರಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಹೇರಿದ ಲಾರಿ, ಮೇಲೆ ಖಾಲಿ ಮುಗಿಲು. ಮುಗಿಲಪ್ಪ ಎಂಬ ಹೆಸರು ಬಂತು. ನಮ್ಮ ಕಡೆ ಆ ಹೆಸರು ನಾನು ಕೇಳಿರಲಿಲ್ಲ, ಅದಕ್ಕೇ ಹಿಡಿಸಿತು. ಗಾಡಿ ತಡವಾಗಿತ್ತು. ಹೊತ್ತು ಹೋಗಲಿ ಎಂದು ನನ್ನ ಕಿವಿನೋವನ್ನು ಅವನಿಗೂ ಕೊಟ್ಟೆ. ಎಡಗಿವಿಯಲ್ಲಿ ಸದಾ ಹತ್ತಿ ಇಟ್ಟುಕೊಂಡು ಓಡಾಡುವ, ಕೂಗಿದರೆ ಕೇಳಿಸದ ಒಬ್ಬ ಮನುಷ್ಯ. ಇದನ್ನು ಮನಸ್ಸಿನಲ್ಲೇ ಮಾಡಿದೆ. ಕಾಗದದ ಮೇಲೆ ಹೆಸರು ಮಾತ್ರ.

ಹೀಗೆ ಬರೆಯುವಾಗಲೇ ನನಗೆ ಅನುಮಾನ ಶುರುವಾಗುತ್ತದೆ. ಲಾರಿ ಇತ್ತೇ? ತಾಂಡೂರು ಎಂದಮೇಲೆ ಕಲ್ಲಿನ ಲಾರಿ ಇರಲೇಬೇಕು ಎಂದು ಈಗ ತಂದು ನಿಲ್ಲಿಸಿದೆನೇ? ಲಾರಿಯನ್ನು ಬೇಕಾದರೆ ತೆಗೆದುಬಿಡಿ. ಹತ್ತಿಯನ್ನು ತೆಗೆಯಬೇಡಿ. ಅದನ್ನೂ ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ.

ಕೆಲವು ವರ್ಷ ಕಳೆದವು. ವಂಶಾವಳಿ ಅಚ್ಚಾಯಿತು, ಅಕ್ಕನ ಮನೆಯವರು ನೆಂಟರಿಗೆ ಹಂಚಿದರು. ಕಳ್ಳ ಸಿಗಲಿಲ್ಲ, ನಾನೂ ಮರೆತೆ. ಅಷ್ಟರಲ್ಲಿ ಅಕ್ಕನ ಮಗಳು ಸವಿತಾಗೆ ಗಂಡು ಗೊತ್ತಾಯಿತು. ಗೊತ್ತಾಯಿತು ಎನ್ನುವುದಕ್ಕಿಂತ ಅವಳೇ ಗೊತ್ತು ಮಾಡಿಕೊಂಡಳು ಎನ್ನಬೇಕು. ಬೊಮ್ರಾಸಪೇಟೆಯಲ್ಲಿ ಶಾಲೆ ಮಾಸ್ತರಿಣಿ ಅವಳು. ತಾಂಡೂರಿನಲ್ಲಿ ರೂಮು ಮಾಡಿಕೊಂಡಿದ್ದಳು. ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ನಡೆಸುವ ಮಹೇಶನ ಪರಿಚಯವಾಗಿತ್ತು. ಹಿಂದೆ ಅವಳಿಗೆ ಗೊತ್ತಾಗಿದ್ದ ಒಂದು ಸಂಬಂಧ ಮುರಿದು, ಅವಳು ಎರಡು ಮಾತಾಡಿದರೆ ಹೆಚ್ಚು ಎನ್ನುವಂತಾಗಿದ್ದಳು. ಈಗ ಮತ್ತೆ ನಗುತ್ತಿದ್ದಳು. ಎರಡೂ ಕಡೆಯವರು ಒಪ್ಪಿದರು. ಎಳ್ಳಮಾವಾಸ್ಯೆಗೆ ಬೀಗರನ್ನು ಸಿರ್ಗಾಪುರದ ಹೊಲಕ್ಕೆ ಊಟಕ್ಕೆ ಕರೆಯುವುದು, ಅಲ್ಲೇ ದಿನ ನೋಡುವುದು ಎಂದಾಯಿತು.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ನಾಯಿಯೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳ ಎದೆಮಟ್ಟ ನಿಂತಿತ್ತು. ಜೋಳದ ಸೊಪ್ಪೆಯ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಭಾವ ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಭೂಮಿಗೆ ಉಣಿಸುವುದು ಅದು. ಆಮೇಲೆ ಬದುವಿನ ಮೇಲಿನ ಗದ್ದುಗೆಗಳ ಮುಂದೆ ಎಲೆ ಹಾಸಿ, ಒಬ್ಬೊಬ್ಬ ಹಿರಿಯನ ಹೆಸರು ಹೇಳಿ ಕಾಳು ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ ಒಂದೊಂದು ಸೌಟು ಬಡಿಸುವುದು ಆ ಮನೆಯ ಪದ್ಧತಿ. ಅದನ್ನು ಮಾಡುವವಳು ಭಾವನ ಸೋದರತ್ತೆ, ನೀಲವ್ವಾಯಿ. ಮನೂರಿನಲ್ಲಿ ಮಗನ ಮನೆಯಲ್ಲಿರುತ್ತಿದ್ದಳು. ಕಣ್ಣು ಮಂದ, ನೆನಪು ಅದಕ್ಕಿಂತ ಮಂದ. ಆ ದಿನ ಬೆಳಿಗ್ಗೆಯೇ ನನ್ನನ್ನು, ಸತ್ತುಹೋದ ನನ್ನ ಕಾಕಾನ ಹೆಸರಿನಿಂದ ಕರೆದು, ಯಾಕ ಇಷ್ಟು ಸೊರಗಿ ಎಂದು ಕೇಳಿದ್ದಳು.

ನಾವೆಲ್ಲ ಸಾಲಾಗಿ ಕೂತು ಸಜ್ಜಿ ರೊಟ್ಟಿ ಮುರಿಯುತ್ತಿದ್ದೆವು. ಆಯಿ ಬಡಿಸುತ್ತ ಹೋದಳು. ಕಾಶಪ್ಪಗ, ವೀರಶೆಟ್ಟಿಗ, ಕಾಶಪ್ಪಗ. ನಾನು ರೂಢಿಯಂತೆ ಕಿವಿಗೊಟ್ಟು, ತಲೆಮಾರು ಸರಿಯಾಗಿ ಬರುತ್ತಿವೆಯೇ ಎಂದು ನೋಡುತ್ತಿದ್ದೆ. ಮುಗಿಯಿತು. ಆಕೆ ಏಳಲಿಲ್ಲ. ಒಂದು ಎಲೆಯನ್ನು ಉಳಿದವುಗಳಿಂದ ಸ್ವಲ್ಪ ದೂರ ಇಟ್ಟು, ಮತ್ತೊಂದು ಸೌಟು ಹಾಕಿದಳು.

“ಇದು ಮುಗಿಲಪ್ಪ ಮುತ್ಯಾಗ. ಪಾಪ, ಅವನಿಗಿ ಯಾರೂ ನೆನಸಂಗಿಲ್ಲ.”

ನನಗೆ ಮೊದಲು ನಗು ಬಂತು. ಯಾರೋ ಪುಸ್ತಿಕೆ ಓದಿ ಹೇಳಿದ್ದಾರೆ, ಅಷ್ಟೇ. ಭಾವನೂ ಹಾಗೇ ಅಂದುಕೊಂಡರು. “ಅತ್ತಿ, ಪುಸ್ತಕ ಓದ್ಲಾಕ ಬಿ ಕಲ್ತ್ರೇನು?” ಎಂದು ನಗುತ್ತ ಚಾಷ್ಟಿ ಮಾಡಿದರು.

“ಯಾವ ಪುಸ್ತಕ? ಉಪ್ಪು ಯಾವುದು, ಸಕ್ರಿ ಯಾವುದು ಕಾಣಂಗಿಲ್ಲ ನನಗ. ನಮ್ಮವ್ವ ಇಡ್ತಿದ್ಳು, ನಾ ಇಡ್ತೀನಿ. ಅಣ್ಣನ ಸಂಗಟ ಜಗಳಾಡಿ ತಾಂಡೂರಿಗಿ ಕಲ್ಲು ಒಡಿಲಾಕ ಹೋದ. ಅಲ್ಲೇ ಲಗ್ನ ಆದ, ಮಕ್ಕಳು ಮರಿ ಆದವಂತ. ಈ ಕಡಿ ಹಣಿಕಿ ಬಿ ಹಾಕಲಿಲ್ಲ.”

ಸಾಲಿನ ಆ ತುದಿಯಲ್ಲಿ ಮಹೇಶನ ತಂದೆ ಕೂತಿದ್ದರು. ಅವರ ಕೈ ರೊಟ್ಟಿಯ ಮೇಲೆ ನಿಂತಿತು. “ನಮ್ಮ ಮುತ್ಯಾನ ಅಪ್ಪ ಬಿ ನಾರಾಯಣಖೇಡದ ಕಡಿಂದೇ ಕಲ್ಲಿನ ಕೆಲಸಕ್ಕ ಬಂದಾನಂತರೀ,” ಎಂದರು ಮೆಲ್ಲಗೆ. “ಹೆಸರು ಗೊತ್ತಿಲ್ಲ. ನಮ್ಮ ಹಿರೇರು ಹೇಳದೇ ಹೋದ್ರು.”

ಹೊರಗಿನವರಿಗೆ ಇದರಲ್ಲೇನು ಎನ್ನಿಸಬಹುದು. ಒಬ್ಬ ಮೂಲಪುರುಷನಿಂದ ಗಂಡುಮಕ್ಕಳ ಮೂಲಕ ಬಂದ ಮನೆತನಗಳು ನಮ್ಮಲ್ಲಿ ಅಣ್ಣತಮ್ಮಕಿಯವು. ಎಷ್ಟು ತಲೆಮಾರು ದಾಟಿದ್ದರೂ ಅವುಗಳ ನಡುವೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಮುಗಿಲಪ್ಪ ಇದ್ದದ್ದು ನಿಜವಾದರೆ, ಅವನೇ ಇವರ ಮುತ್ಯಾನ, ಅಂದರೆ ಅಜ್ಜನ, ಅಪ್ಪನಾದರೆ, ಸವಿತಾ ಮಹೇಶ ಅಣ್ಣತಂಗಿ. ಸವಿತಾ ಅಂಬಲಿಯ ಗಡಿಗೆ ಹಿಡಿದು ನಿಂತಿದ್ದಳು. ನಿಂತೇ ಇದ್ದಳು.

ನಾನು ಎದ್ದು ನಿಂತು ನಗುತ್ತಲೇ ಎಲ್ಲ ಹೇಳಿದೆ. ಕಳ್ಳರ ಕಾಟ, ಬಲೆ, ತಾಂಡೂರು ಸ್ಟೇಷನ್ನು; ಹತ್ತಿಯ ಮಾತು ಮಾತ್ರ ಎತ್ತಲಿಲ್ಲ. ಆ ಹೆಸರು ನಾನೇ ಹುಟ್ಟಿಸಿದ್ದು, ಅಂಥವನು ಯಾರೂ ಇರಲಿಲ್ಲ, ಪುಸ್ತಿಕೆಯಿಂದ ಆಯಿಯ ಕಿವಿಗೆ ಬಿದ್ದಿದೆ. ಎಲ್ಲರ ಮುಖ ಸಡಿಲವಾಯಿತು. ಆಯಿ ಮಾತ್ರ ಸೌಟು ಹಿಡಿದು ನನ್ನ ಕಡೆ ತಿರುಗಿದಳು.

“ನೀ ಹುಟ್ಟಿಸಿದೇನೋ? ನಿಮ್ಮಕ್ಕನ ಲಗ್ನದಾಗ ಮೂಗು ಸೋರಿಸ್ಕೋತ ಜಿಲೇಬಿ ತಿಂಬಾವ ನೀ, ನಮ್ಮ ಮುತ್ಯಾಗ ಹುಟ್ಟಿಸ್ತಿ?” ಎಲ್ಲರೂ ನಕ್ಕರು. ಆಕೆ ನಗಲಿಲ್ಲ. “ಎಡಗಿವ್ಯಾಗ ಸದಾ ಹತ್ತಿ ಇಟ್ಕೊಂಡಿರ್ತಿದ್ದನಂತ. ಬ್ಯಾಸಗ್ಯಾಗ ಬಿ. ಕೂಗಿದ್ರ ಕೇಳಸ್ತಿದ್ದಿಲ್ಲ, ಅದಕೇ ಅಣ್ಣಗ ಸಿಟ್ಟು. ಇದು ಬಿ ನೀನೇ ಹುಟ್ಟಿಸಿದೇನು?”

ನಾನು ಕೂತೆ. ಗಾಳಿ ನಿಂತಿತು ಎಂದು ಬರೆಯಲು ಕೈ ಹೋಗುತ್ತಿದೆ. ಗಾಳಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ನನ್ನ ಕೈ ತಾನಾಗಿ ನನ್ನ ಎಡಗಿವಿಗೆ ಹೋಗಿತ್ತು, ಅದನ್ನು ಸವಿತಾ ನೋಡಿದಳು.

ಬೀಗರು ಹೋಗುವಾಗ ನನ್ನ ಹತ್ತಿರ ಬಂದರು. “ನೀವು ಓದಿದವರು, ಊರೂರು ಅಡ್ಡಾಡಿದವರು. ನೀವು ನೋಡಿ ಹೇಳ್ರಿ. ನೀವು ಹೇಳಿದಂಗ ಆಗ್ಲಿ,” ಎಂದರು. ದಿನ ನೋಡುವ ಮಾತು ಅಲ್ಲಿಗೇ ನಿಂತಿತು.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೇ ಮಾಡಿದೆ. ಸಿರ್ಗಾಪುರದಲ್ಲಿ ಹಳಬರನ್ನು ಒಬ್ಬೊಬ್ಬರನ್ನೇ ಕಂಡೆ. ಮುಗಿಲಪ್ಪನ ಹೆಸರು ಯಾರೂ ಕೇಳಿರಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಸಿಟ್ಟು ಮಾಡಿ ಹೋದವರ ಹೆಸರು ಊರಲ್ಲಿ ಉಳಿಯುವುದಿಲ್ಲ. ತಾಂಡೂರಿನಲ್ಲಿ ಹಳೇ ಗಣಿಗಳ ಸುತ್ತ ತಿರುಗಿದೆ. ಕಲ್ಲು ತೆಗೆದ ಜಾಗದಲ್ಲಿ ನೀರು ನಿಂತಿತ್ತು. ಗಣಿಗೆ ಬಂದವರು ಎಲ್ಲಿಂದಲೋ ಬಂದವರು, ಯಾರ ಹಿಂದಿನ ತಲೆಮಾರೂ ಅಲ್ಲಿಯದಲ್ಲ. ಮಹೇಶನ ಮನೆಗೂ ಹೋದೆ. ಗೋಡೆಯ ಮೇಲಿನ ಫೋಟೋಗಳು ಅವನ ಮುತ್ಯಾನವರೆಗೆ ಬಂದು ನಿಂತವು. ಅವರ ಹಿರಿಯರಲ್ಲಿ ಯಾರಿಗಾದರೂ ಕಿವಿಯ ತೊಂದರೆ ಇತ್ತೇ ಎಂಬ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಚಹಾ ಕುಡಿದು ಎದ್ದು ಬಂದೆ. ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಕೇಳಬೇಕಾದದ್ದನ್ನು ಕೇಳದೆ ಎದ್ದದ್ದು ಅದೇ ಮೊದಲು.

ಮನೂರಿಗೆ ಹೋದಾಗ ನೀಲವ್ವಾಯಿ ಬಿಸಿಲಿಗೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮುಗಿಲಪ್ಪ ಮುತ್ಯಾನ ಬಗ್ಗೆ ಇನ್ನೇನು ನೆನಪಿದೆ ಎಂದು ಕೇಳಿದೆ. “ಯಾವ ಮುಗಿಲಪ್ಪ?” ಎಂದಳು. ಹೊಲದ ಮಾತು ನೆನಪಿಸಿದೆ. ಮೊರವನ್ನು ಒಮ್ಮೆ ಕೇರಿ, “ನೀನೇ ಹೇಳ್ದಿ ಅಲಾ ಆ ಹೆಸರು? ಹಿಂದ ಬಂದು ಇಲ್ಲೇ ಕೂತು, ಕಿವ್ಯಾಗ ಹತ್ತಿ ಇಟ್ಕೊಂಡು,” ಎಂದಳು.

ಇದು ಒಂದು ದಾರಿ, ನಾನೇ ಆಕೆಗೆ ಹೇಳಿರಬೇಕು ಎಂದುಕೊಳ್ಳುವುದು. ವಂಶಾವಳಿಗಾಗಿ ಆಕೆಯನ್ನು ನಾನು ಹಿಂದೆ ಕಂಡಿದ್ದು ನಿಜ. ಆದರೆ ಅದು ತಾಂಡೂರಿಗಿಂತ ಮೊದಲು. ಆಗ ಮುಗಿಲಪ್ಪ ಇನ್ನೂ ಹುಟ್ಟಿರಲಿಲ್ಲ. ಮೊದಲು ಎಂದು ನನಗೆ ಖಾತ್ರಿ ಇದೆ. ಖಾತ್ರಿ ಇತ್ತು. ಮನೆಗೆ ಬಂದು ಹೆಂಡತಿಯನ್ನು, ನನಗೆ ಕಿವಿ ನೋಯುತ್ತಿದ್ದದ್ದು ತಾಂಡೂರಿಗೆ ಹೋದಾಗಲ್ಲವೇ ಎಂದು ಕೇಳಿದೆ. ಅಲ್ಲ ಎಂದಳು. ಅದು ಆಮೇಲಿನ ವರ್ಷ, ನಾರಾಯಣಖೇಡದಲ್ಲಿ ಮಳೆಗೆ ಸಿಕ್ಕು ಬಂದು ಮಲಗಿದ್ದಿರಿ, ನಾನೇ ಎಣ್ಣೆ ಬಿಸಿ ಮಾಡಿ ಹಾಕಿದೆ ಎಂದಳು. ಅವಳ ಮಾತಿನಲ್ಲಿ ಅನುಮಾನವೇ ಇರಲಿಲ್ಲ. ಬಾವಿ ತೋರಿಸಿದ ಹಿರಿಯರಲ್ಲೂ ಇರಲಿಲ್ಲ.

ಆಗ ಒಂದು ಕೆಟ್ಟ ಯೋಚನೆ ಹತ್ತಿತು, ಇಂದಿಗೂ ಬಿಟ್ಟಿಲ್ಲ. ಸ್ಟೇಷನ್ನಿನಲ್ಲಿ ನಾನು ಹತ್ತಿಯ ಬಗ್ಗೆ ಯೋಚಿಸಲೇ ಇಲ್ಲವೋ ಏನೋ. ಹೊಲದಲ್ಲಿ ಆಕೆ ಹೇಳಿದ ಕ್ಷಣದಲ್ಲೇ ನನ್ನ ತಲೆ ಆ ಹತ್ತಿಯನ್ನು ಹಿಂದಕ್ಕೆ ಒಯ್ದು ನನ್ನ ಕಿವಿಯಲ್ಲಿ ಇಟ್ಟಿತೋ ಏನೋ. ಹಾಗಾದರೆ ವಿಚಿತ್ರವೇನೂ ನಡೆದಿಲ್ಲ. ಆದರೆ ಹಾಗಾದರೆ ಹತ್ತಿ ನನ್ನದಲ್ಲ, ಅವನದು. ಅವನು ಇದ್ದ. ಹೆಸರು ಚಿಕ್ಕಂದಿನಲ್ಲಿ ಎಲ್ಲೋ ನನ್ನ ಕಿವಿಗೆ ಬಿದ್ದಿತ್ತು, ಅದನ್ನೇ ಹುಟ್ಟಿಸಿದೆ ಎಂದುಕೊಂಡೆ. ಹತ್ತಿ ನನ್ನದೇ ಆಗಿದ್ದರೆ ಅವನು ಇರಲಿಲ್ಲ. ಆದರೆ ನಾನು ಯಾರಿಗೂ ಹೇಳದ್ದನ್ನು ಆ ಮುದುಕಿ ಹೇಗೆ ಹೇಳಿದಳು? ಎರಡೂ ಕಡೆ ದಾರಿ ಮುಚ್ಚಿದೆ. ಮದುವೆ ಆಗಬೇಕಾದರೆ ನಾನು ನಂಬಲಾಗದ್ದನ್ನು, ನನ್ನ ಮನಸ್ಸಿನಲ್ಲಿದ್ದದ್ದು ಆಕೆಗೆ ತಾನಾಗಿ ತಿಳಿಯಿತೆಂಬುದನ್ನು, ನಂಬಬೇಕಿತ್ತು.

ಸವಿತಾ ಒಂದು ಸಂಜೆ ಶಾಲೆಯ ಬ್ಯಾಗಿನ ಸಮೇತ ನೇರ ನನ್ನ ಮನೆಗೆ ಬಂದಳು. ಮೂರು ಊರುಗಳ ನಕಾಶೆ ಹಚ್ಚಿದ ಗೋಡೆಯ ಹತ್ತಿರ ನಿಂತಳು, ಕೂರಲಿಲ್ಲ. ಇಬ್ಬರು ಬೇಕು, ಕಲ್ಲು ಬೇಕು ಎಂದು ನಾನು ನನ್ನ ಹಳೇ ಮಾತು ಶುರು ಮಾಡಿದೆ.

“ನಿಮ್ಮ ಸಾಕ್ಷಿ ಸುಡುಗಾಡು ನನಗ ಬ್ಯಾಡ ಮಾಮಾ,” ಎಂದಳು. “ಅವ ಇದ್ದನೋ, ಇದ್ದಿಲ್ಲೋ? ಅಷ್ಟು ಹೇಳ್ರಿ.”

“ಇದ್ದಿಲ್ಲ,” ಎಂದೆ.

ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನಾನು ಕೈಯನ್ನು ಟೇಬಲ್ಲಿನ ಮೇಲೆ ಒತ್ತಿ ಹಿಡಿದುಕೊಂಡಿದ್ದೆ. ಅದೇ ಮಾತನ್ನು ತಾಂಡೂರಿಗೆ ಹೋಗಿ ಬೀಗರ ಮುಂದೆಯೂ ಹೇಳಿದೆ. ಅವರು ಮರುಪ್ರಶ್ನೆ ಹಾಕಲಿಲ್ಲ. ಓದಿದವರ ಮಾತಿಗೆ ಇಷ್ಟು ಬೆಲೆ ಇರಬಾರದು.

ಮದುವೆ ಚೆನ್ನಾಗಿ ಆಯಿತು. ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ನೀಲವ್ವಾಯಿ ಇರಲಿಲ್ಲ. ಭಜ್ಜಿ ಬಡಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಆಯಿ ಹಿಂದಿನ ವರ್ಷಗಳಲ್ಲೂ ಆ ಒಂದು ಎಲೆಯನ್ನು ದೂರ ಇಡುತ್ತಿದ್ದಳೇ ಎಂದು ಅಕ್ಕನನ್ನು ಕೇಳಿದೆ. ಇಡುತ್ತಿದ್ದಳು ಅನ್ನಿಸುತ್ತದೆ ಎಂದಳು; ಆಮೇಲೆ, ಇಲ್ಲ ಅನ್ನಿಸುತ್ತದೆ ಎಂದಳು. ಆ ವರ್ಷ ಅಕ್ಕ ಆ ಎಲೆ ಇಡಲಿಲ್ಲ. ಎಲ್ಲರೂ ಕೈ ತೊಳೆಯಲು ಹೋದಾಗ ನಾನೇ ಒಂದು ಎಲೆಯ ಮೇಲೆ ಒಂದು ತುತ್ತು ಇಟ್ಟು ಬಂದೆ. ಯಾಕೆ ಎಂದು ಕೇಳಬೇಡಿ. ವಂಶಾವಳಿಯನ್ನು ಮತ್ತೆ ಅಚ್ಚು ಹಾಕಿಸೋಣ ಎಂದು ಭಾವ ಒಂದೇ ಸಮ ಹೇಳುತ್ತಿದ್ದಾರೆ. ಮುಗಿಲಪ್ಪನನ್ನು ತೆಗೆದರೆ ಇದ್ದವನನ್ನು ಅಳಿಸಿದಂತೆ, ಬಿಟ್ಟರೆ ಇಲ್ಲದವನನ್ನು ಸಾಕಿದಂತೆ. ಕೆಲಸ ಹಾಗೇ ಬಿದ್ದಿದೆ.

ಮೊನ್ನೆ ಸವಿತಾ ಫೋನ್ ಮಾಡಿದ್ದಳು. ಅವಳಿಗೀಗ ಒಂದು ಹೆಣ್ಣುಕೂಸು. ಸೆಖೆಯ ಬಗ್ಗೆ, ಶಾಲೆಯ ಬಗ್ಗೆ ಮಾತಾಡಿ, ನಡುವೆ ಹೇಳಿದಳು: “ಕೂಸಿಗಿ ಕಿವಿ ಬ್ಯಾನಿ ಮಾಮಾ. ಡಾಕ್ಟರು ಏನೂ ಇಲ್ಲ ಅಂತಾರ. ನಮ್ಮತ್ತಿ ಹತ್ತಿ ಇಟ್ಟಾರ. ಈ ಮನ್ಯಾಗ ಎಲ್ಲರಿಗೂ ಹಿಂಗೇ ಇತ್ತಂತ, ದೊಡ್ಡಾಗ್ತಾ ಹೋಗ್ತದಂತ.”

ಕೂಸುಗಳಿಗೆ ಕಿವಿ ನೋಯುತ್ತದೆ. ಎಲ್ಲ ಮನೆಗಳಲ್ಲೂ ನೋಯುತ್ತದೆ, ಎಲ್ಲ ಅಜ್ಜಿಯರೂ ಹತ್ತಿ ಇಡುತ್ತಾರೆ. ಯಾವ ಕಿವಿ ಎಂದು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೂಸು ಅವಳ ತೊಡೆಯ ಮೇಲೇ ಇತ್ತು, ಅಳು ನನಗೂ ಕೇಳುತ್ತಿತ್ತು. ನಾನು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ತಾಂಡೂರಿನಲ್ಲಿ ಮಳೆ ಆತೇನು ಎಂದು ಕೇಳಿದೆ.